ಬಾಗಿಲು ಕಾದ ಲೆವ್ ಯಾಷಿನ್

ವೈಕುಂಠದ ಬಾಗಿಲಲ್ಲಿ ಜಯ-ವಿಜಯರೆಂಬ ಇಬ್ಬರು ದ್ವಾರಪಾಲಕರು ನಿಂತಿದ್ದ ಕಥೆ ತಮಗೆಲ್ಲ ತಿಳಿದದ್ದೇ. ಸನಕಾದಿ ಋಷಿಗಳು ಬಂದರು, ಇವರು ತಡೆದರು. ತಡೆಯುವುದೇ ಇವರ ಕೆಲಸ. ಆದರೆ ತಡೆದದ್ದಕ್ಕೆ ಶಾಪ ಬಂತು. ತಡೆಯದೆ ಬಿಟ್ಟಿದ್ದರೋ, ಕಾವಲು ತಪ್ಪಿತೆಂದು ಒಡೆಯನ ಮುಂದೆ ತಲೆ ತಗ್ಗಿಸಬೇಕಾಗುತ್ತಿತ್ತು. ಬಾಗಿಲು ಕಾಯುವವನ ಹಣೆಬರಹವೇ ಹಾಗೆ. ಒಳಗಿನವರ ವೈಭವದಲ್ಲಿ ಅವನಿಗೆ ಪಾಲಿಲ್ಲ. ಹೊರಗಿನವರ ಕೋಪ ಮಾತ್ರ ಪೂರ್ತಿ ಅವನದು.

ಕಾಲ್ಚೆಂಡಾಟದಲ್ಲಿ ಈ ದ್ವಾರಪಾಲಕನ ಸ್ಥಾನ ಗೋಲ್‌ಕೀಪರನದು. ನಮ್ಮ ಹುಡುಗರು ಅವನನ್ನು ಚಿಕ್ಕದಾಗಿ 'ಗೋಲಿ' ಎನ್ನುತ್ತಾರೆ. ಇಪ್ಪತ್ತನಾಲ್ಕು ಅಡಿ ಅಗಲ, ಎಂಟು ಅಡಿ ಎತ್ತರದ ಬಾಗಿಲು. ಅದಕ್ಕೆ ಕದವಿಲ್ಲ, ಚಿಲಕವಿಲ್ಲ, ಇರುವವನು ಇವನೊಬ್ಬನೇ. ಮುಂದೆ ಆಡುವ ಹತ್ತು ಮಂದಿಯಲ್ಲಿ ಯಾರಾದರೊಬ್ಬನು ತಪ್ಪಿದರೆ ಅವನ ಹಿಂದಿರುವವನು ತಿದ್ದುತ್ತಾನೆ. ಇವನು ತಪ್ಪಿದರೆ ಹಿಂದಿರುವುದು ಬಲೆ ಮಾತ್ರ. ಉಳಿದವರ ತಪ್ಪು ಗಾಳಿಯಲ್ಲಿ ಹೋಗುತ್ತದೆ. ಇವನ ತಪ್ಪು ಹಲಗೆಯ ಮೇಲೆ ಅಂಕೆಯಾಗಿ ನಿಲ್ಲುತ್ತದೆ.

ಕನ್ನಡ ಪಾಠ ಹೇಳುವ ಮೇಷ್ಟರಿಗೆ ಕಾಲ್ಚೆಂಡಿನ ಗೊಡವೆ ಏಕೆ ಎಂದು ತಾವು ಕೇಳಬಹುದು. ಅದಕ್ಕೆ ಕಾರಣವುಂಟು, ಅದು ನನ್ನದೇ ಒಂದು ತಪ್ಪು. ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಗೂ ಪಕ್ಕದ ಊರಿನ ಶಾಲೆಗೂ ಪಂದ್ಯ ನಡೆಯಿತು. ನಮ್ಮ ಗೋಲಿ ಒಂಬತ್ತನೆಯ ತರಗತಿಯ ಸಣಕಲು ಹುಡುಗ. ಆಟ ಮುಗಿಯಲು ಇನ್ನೇನು ಎರಡು ಮೂರು ನಿಮಿಷವಿರುವಾಗ ಮೆಲ್ಲಗೆ ಉರುಳಿ ಬಂದ ಚೆಂಡು ಅವನ ಎರಡು ಕಾಲುಗಳ ನಡುವೆ ನುಸುಳಿ ಒಳಗೆ ಹೋಯಿತು. ಸೋತೆವು. ಮರುದಿನ ನಾನು ವ್ಯಾಕರಣ ಪಾಠದಲ್ಲಿ ಲೋಪಸಂಧಿ ಹೇಳುತ್ತಿದ್ದೆ. ಮಾತಿಗೆ ಮಾತು ಬಂದು, "ಲೋಪವೆಂದರೇನೆಂದು ಇವನ ಕಾಲಿನ ನಡುವೆ ನೋಡಿರಪ್ಪ" ಎಂದುಬಿಟ್ಟೆ. ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಆ ಹುಡುಗ ಮರುದಿನ ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಮುಂದೇನಾಯಿತೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಆ ನಾಲ್ಕಾರು ದಿನ ಮನಸ್ಸಿಗೆ ನೆಮ್ಮದಿಯಿಲ್ಲದೆ, ಗೋಲು ಕಾಯುವವರ ಕಥೆಗಳನ್ನು ಹುಡುಕಿ ಓದತೊಡಗಿದೆ. ಹಾಗೆ ಓದುತ್ತ ಸಿಕ್ಕಿದವರು ರಷ್ಯಾದ ಲೆವ್ ಇವಾನೊವಿಚ್ ಯಾಷಿನ್. ರಷ್ಯನ್ ಭಾಷೆಯಲ್ಲಿ 'ಲೆವ್' ಎಂದರೆ ಸಿಂಹ. ಈ ಸಿಂಹದ ಬಾಲ್ಯ ಮಾತ್ರ ಬಹಳ ಬಡವಾದದ್ದು.

ಯಾಷಿನ್ನರು ಹುಟ್ಟಿದ್ದು 1929ರ ಅಕ್ಟೋಬರ್ 22ರಂದು, ಮಾಸ್ಕೋ ನಗರದಲ್ಲಿ. ತಂದೆ ಕಾರ್ಖಾನೆಯ ಕೆಲಸಗಾರ. ತಾಯಿ ಮಗ ಚಿಕ್ಕವನಿರುವಾಗಲೇ ತೀರಿಕೊಂಡಳು. ಬಳಿಕ ಮಲತಾಯಿ ಸಾಕಿದಳು. ಹನ್ನೆರಡು ತುಂಬುವ ಹೊತ್ತಿಗೆ ಯುದ್ಧ ಬಾಗಿಲಿಗೆ ಬಂದಿತ್ತು. 1941ರಲ್ಲಿ ಜರ್ಮನ್ ಸೇನೆ ಮಾಸ್ಕೋದ ಕಡೆಗೆ ನುಗ್ಗಿದಾಗ ಕಾರ್ಖಾನೆಗಳನ್ನೇ ಬಿಚ್ಚಿ, ರೈಲುಗಳಲ್ಲಿ ತುಂಬಿ, ಪೂರ್ವಕ್ಕೆ ಸಾಗಿಸಿದರು. ಯಾಷಿನ್ ಕುಟುಂಬವೂ ಕಾರ್ಖಾನೆಯ ಹಿಂದೆಯೇ ವೋಲ್ಗಾ ತೀರದ ಉಲ್ಯಾನೊವ್ಸ್ಕ್ ಪ್ರದೇಶಕ್ಕೆ ಹೋಯಿತು. ದೊಡ್ಡವರೆಲ್ಲ ಯುದ್ಧಕ್ಕೆ ಹೋದ ಮೇಲೆ ಯಂತ್ರಗಳ ಮುಂದೆ ನಿಲ್ಲಲು ಮಕ್ಕಳೇ ಬೇಕಾದರು. ನಮ್ಮ ಮಕ್ಕಳು ಎಂಟನೆಯ ತರಗತಿಯಲ್ಲಿ ಕೂರುವ ವಯಸ್ಸಿಗೆ ಹುಡುಗ ಲೆವ್ ಫಿಟ್ಟರ್ ಕೆಲಸಕ್ಕೆ ಸೇರಿದ. ಯುದ್ಧಕಾಲದ ದುಡಿಮೆಗಾಗಿ ಅವನಿಗೊಂದು ಸರಕಾರಿ ಪದಕವೂ ಬಂತು. ಆದರೆ ಆ ದಿನಗಳ ಅರೆಹೊಟ್ಟೆ, ಆ ದಿನಗಳ ನಿದ್ದೆಗೆಟ್ಟ ಪಾಳಿಗಳು ದೇಹದಲ್ಲಿ ಬಿಟ್ಟುಹೋದ ಗುರುತು ಪದಕದಷ್ಟು ಹೊಳೆಯುವಂಥದಲ್ಲ. ಹೊಟ್ಟೆಯ ನೋವು ಆಟದ ದಿನಗಳಲ್ಲೂ ಅವರ ಬೆನ್ನು ಬಿಡಲಿಲ್ಲ.

ಮಾಸ್ಕೋಗೆ ಹಿಂದಿರುಗಿದ ಮೇಲೂ ಕಾರ್ಖಾನೆಯೇ. ನಸುಕಿನಲ್ಲಿ ಎದ್ದು ನಗರದ ಆ ಕೊನೆಗೆ ಹೋಗಬೇಕು; ರಾತ್ರಿ ಹಿಂದಿರುಗಬೇಕು; ನಡುವೆ ಸಿಕ್ಕ ಹೊತ್ತಿನಲ್ಲಿ ಕಾರ್ಖಾನೆಯ ತಂಡದಲ್ಲಿ ಚೆಂಡಾಟ. ಹದಿನೆಂಟನೆಯ ವಯಸ್ಸಿಗೆ ಒಂದು ದಿನ ಆ ಹುಡುಗನ ಮನಸ್ಸಿನೊಳಗೆ ಏನೋ ಕಡಿದುಹೋಯಿತು. ಮನೆ ಬಿಟ್ಟ, ಕೆಲಸಕ್ಕೆ ಹೋಗುವುದನ್ನೂ ನಿಲ್ಲಿಸಿದ. ಆ ಕಾಲದ ಸೋವಿಯತ್ ದೇಶದಲ್ಲಿ ಕೆಲಸಕ್ಕೆ ಹೋಗದಿರುವುದು ಸೋಮಾರಿತನವಷ್ಟೇ ಅಲ್ಲ, ಕಾನೂನಿನ ಅಪರಾಧ. ಬಲ್ಲವರೊಬ್ಬರ ಮಾತು ಕೇಳಿ ಸೈನ್ಯಕ್ಕೆ ತಾನಾಗಿ ಸೇರಿಕೊಂಡದ್ದರಿಂದ ಹುಡುಗ ಉಳಿದುಕೊಂಡ. ಸೈನ್ಯದ ತಂಡದಲ್ಲಿ ಗೋಲು ಕಾಯುತ್ತಿದ್ದ ಈ ನೀಳಕಾಯದ ತರುಣನನ್ನು ಡೈನಮೊ ಸಂಘದ ತರಬೇತುದಾರ ಅರ್ಕಾದಿ ಚೆರ್ನಿಷೋವ್ ಕಂಡರು. 1949ರಲ್ಲಿ ಸಂಘಕ್ಕೆ ಕರೆತಂದರು.

ಡೈನಮೊ ತಂಡಕ್ಕೆ ಆಗ ಗೋಲ್‌ಕೀಪರ್ ಅಲೆಕ್ಸಿ ಖೋಮಿಚ್. 1945ರಲ್ಲಿ ಬ್ರಿಟನ್ ಪ್ರವಾಸ ಮಾಡಿದಾಗ ಅಲ್ಲಿನ ಜನ ಅವರಿಗೆ 'ಹುಲಿ' ಎಂದು ಹೆಸರಿಟ್ಟಿದ್ದರು. ಹುಲಿ ಇರುವ ಗುಹೆಯಲ್ಲಿ ಸಿಂಹದ ಮರಿಗೆ ಜಾಗವೆಲ್ಲಿ? ಸಿಕ್ಕ ಅವಕಾಶಗಳಾದರೂ ಎಂಥವು! 1950ರ ಒಂದು ಸ್ನೇಹಪಂದ್ಯದಲ್ಲಿ ಸ್ತಾಲಿನ್‌ಗ್ರಾದ್ ತಂಡದ ಗೋಲ್‌ಕೀಪರ್ ಆ ತುದಿಯಿಂದ ಒದ್ದ ಚೆಂಡು ಗಾಳಿಗೆ ಸಿಕ್ಕಿ ಈ ತುದಿಗೇ ಬಂತು. ಯಾಷಿನ್ ಆಕಾಶ ನೋಡುತ್ತ ಓಡಿ, ತಮ್ಮದೇ ರಕ್ಷಕನಿಗೆ ಡಿಕ್ಕಿ ಹೊಡೆದು ಬಿದ್ದರು, ಚೆಂಡು ಬಲೆಯೊಳಗೆ. ಗೋಲ್‌ಕೀಪರನೊಬ್ಬ ಗೋಲ್‌ಕೀಪರನಿಗೇ ಗೋಲು ಹೊಡೆದಂತಾಯಿತು. ಅದೇ ವರ್ಷ ಜುಲೈಯಲ್ಲಿ ಖೋಮಿಚ್ ಗಾಯಗೊಂಡಾಗ ಸ್ಪಾರ್ತಾಕ್ ವಿರುದ್ಧ ಕಣಕ್ಕಿಳಿದರು, ಮತ್ತೆ ಸಂಗಡಿಗನಿಗೆ ಡಿಕ್ಕಿ, ಮತ್ತೆ ಗೋಲು, ಗೆಲ್ಲುವ ಆಟ ಸಮವಾಯಿತು. ಮುಂದೆ ತ್ಬಿಲಿಸಿಯಲ್ಲಿ ನಾಲ್ಕಕ್ಕೆ ಒಂದರಂತೆ ಮುಂದಿದ್ದ ತಂಡ ನೋಡನೋಡುತ್ತ ನಾಲ್ಕಕ್ಕೆ ನಾಲ್ಕಾಯಿತು. ಸಂಗಡಿಗರು ಐದನೆಯ ಗೋಲು ಹೊಡೆದು ಮಾನ ಉಳಿಸಿದರು. ಅಷ್ಟಕ್ಕೆ ಯಾಷಿನ್ನರ ಅಧ್ಯಾಯ ಮುಗಿಯಿತೆಂದೇ ಎಲ್ಲರೂ ತಿಳಿದರು. ಮೊದಲ ತಂಡಕ್ಕೆ ಮತ್ತೆ ಕರೆ ಬಂದದ್ದು 1953ರಲ್ಲಿ.

ನಡುವಿನ ಆ ಮೂರು ವರ್ಷ ಅವರು ಏನು ಮಾಡಿದರು? ಮಂಜಿನ ಮೇಲೆ ಹಾಕಿ ಆಡಿದರು. ಅಲ್ಲಿಯೂ ಗೋಲನ್ನೇ ಕಾದರು. 1953ರಲ್ಲಿ ಡೈನಮೊ ತಂಡ ದೇಶದ ಹಾಕಿ ಕಪ್ ಗೆದ್ದಾಗ ಗೋಲಿನಲ್ಲಿದ್ದವರು ಯಾಷಿನ್ನರೇ. ಹಾಕಿಯ ಚೆಂಡೆಂದರೆ ಅಂಗೈಯಗಲದ ಗಟ್ಟಿ ಬಿಲ್ಲೆ. ರೆಪ್ಪೆ ಬಡಿಯುವುದರೊಳಗೆ ಬಂದುಬಿಡುತ್ತದೆ. ಅದನ್ನು ತಡೆದ ಕಣ್ಣಿಗೆ ಕಾಲ್ಚೆಂಡು ದೊಡ್ಡದಾಗಿಯೂ ನಿಧಾನವಾಗಿಯೂ ಕಂಡಿದ್ದರೆ ಆಶ್ಚರ್ಯವಿಲ್ಲ. ಕಾಯುವ ಕಾಲವನ್ನು ಅವರು ಕಳೆಯಲಿಲ್ಲ, ಕೂಡಿಟ್ಟರು. ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಖೋಮಿಚ್ ಆಟ ಬಿಟ್ಟ ಮೇಲೆ ಕ್ರೀಡಾ ಛಾಯಾಗ್ರಾಹಕರಾದರು. ಹಿಂದೊಮ್ಮೆ ತಾವೇ ನಿಂತಿದ್ದ ಗೋಲಿನ ಹಿಂದೆ ಈಗ ಕ್ಯಾಮೆರಾ ಹಿಡಿದು ಕೂತು, ಶಿಷ್ಯನ ಚಿತ್ರ ತೆಗೆಯುವ ಕೆಲಸ ಅವರದಾಯಿತು.

1954ರಲ್ಲಿ ಯಾಷಿನ್ನರು ಹಾಕಿಯನ್ನು ಬಿಟ್ಟು ಕಾಲ್ಚೆಂಡನ್ನೇ ಹಿಡಿದರು. ಆ ವರ್ಷವೇ ಡೈನಮೊ ಲೀಗ್ ಪ್ರಶಸ್ತಿ ಗೆದ್ದಿತು. 1955, 1957, 1959, 1963ರಲ್ಲಿ ಮತ್ತೆ ಮತ್ತೆ ಗೆದ್ದಿತು. ರಾಷ್ಟ್ರೀಯ ತಂಡಕ್ಕೂ 1954ರಲ್ಲೇ ಆಯ್ಕೆಯಾದರು. ಮೊದಲ ಪಂದ್ಯದಲ್ಲಿ ಸ್ವೀಡನ್ನಿನ ಮೇಲೆ ಏಳು ಸೊನ್ನೆಯ ಜಯ.

ಆ ದಿನಗಳಲ್ಲಿ ಗೋಲ್‌ಕೀಪರನೆಂದರೆ ಎರಡು ಕಂಬಗಳ ನಡುವೆ ಕಟ್ಟಿಹಾಕಿದ ಪ್ರಾಣಿ. ಯಾಷಿನ್ನರು ಆ ಹಗ್ಗವನ್ನು ಬಿಚ್ಚಿದರು. ಅಪಾಯ ಬಾಗಿಲಿಗೆ ಬರುವ ಮುನ್ನ ಬೀದಿಯಲ್ಲೇ ಎದುರಿಸಬೇಕೆಂಬುದು ಅವರ ನೀತಿ. ಗೋಲಿನಿಂದ ಮುಂದೆ ಓಡಿಬಂದು ಚೆಂಡನ್ನು ಕಾಲಿನಿಂದ ಒದೆಯುವರು. ಬೇಕಾದರೆ ತಲೆಯಿಂದಲೂ ಹೊಡೆಯುವರು. ತಲೆಯ ಮೇಲೆ ಸದಾ ಒಂದು ಟೊಪ್ಪಿಗೆ. ಚೆಂಡಿಗೆ ತಲೆ ಕೊಡುವ ಮುಂಚೆ ಅದನ್ನು ತೆಗೆದು, ಹೊಡೆದು, ಮತ್ತೆ ಹಾಕಿಕೊಂಡದ್ದೂ ಉಂಟಂತೆ. ಹಿಡಿಯಲು ಕಷ್ಟವಾದ ಚೆಂಡನ್ನು ಮುಷ್ಟಿಯಿಂದ ಗುದ್ದುವರು. ಹಿಡಿದ ಚೆಂಡನ್ನು ಸುಮ್ಮನೆ ಆಕಾಶಕ್ಕೆ ಒದೆಯದೆ, ದೂರದಲ್ಲಿ ಒಂಟಿಯಾಗಿ ನಿಂತ ಸಂಗಡಿಗನಿಗೆ ಕೈಯಿಂದ ಗುರಿಯಿಟ್ಟು ಎಸೆಯುವರು. ರಕ್ಷಣೆಯ ಕೊನೆಯ ಹೆಜ್ಜೆ ದಾಳಿಯ ಮೊದಲ ಹೆಜ್ಜೆಯಾಗುವುದು. ಜೊತೆಗೆ ಬಾಯಿ. ಇಡೀ ಮೈದಾನ ಎದುರಿಗೆ ಕಾಣುವುದು ಗೋಲಿಯೊಬ್ಬನಿಗೇ ತಾನೆ? ಆದ್ದರಿಂದ 'ನೀನು ಎಡಕ್ಕೆ, ನೀನು ಹಿಂದಕ್ಕೆ' ಎಂದು ತೊಂಬತ್ತು ನಿಮಿಷವೂ ಕೂಗಿ ರಕ್ಷಕರನ್ನು ನಡೆಸುವರು. ಕಪ್ಪಾಗಿ ಕಾಣುವ ಉಡುಪು, ಎಲ್ಲ ಕಡೆಗೂ ಚಾಚುವ ಕೈಕಾಲು, ಇವನ್ನು ನೋಡಿ ಹೊರದೇಶದವರು 'ಕಪ್ಪು ಜೇಡ' ಎಂದು ಕರೆದರು. ಇಂದು ಎಲ್ಲ ದೇಶಗಳ ಗೋಲ್‌ಕೀಪರರೂ ಮಾಡುವ ಕೆಲಸವನ್ನು ಅಂದು ಮಾಡಿ ತೋರಿಸಿದ ಕೆಲವೇ ಮಂದಿಯಲ್ಲಿ ಇವರು ಮುಖ್ಯರು.

1956ರ ಮೆಲ್ಬರ್ನ್ ಒಲಿಂಪಿಕ್ಸ್ ನಮಗೂ ನೆನಪಿಡಬೇಕಾದದ್ದು. ಭಾರತದ ತಂಡ ಆತಿಥೇಯ ಆಸ್ಟ್ರೇಲಿಯವನ್ನು ನಾಲ್ಕಕ್ಕೆ ಎರಡರಂತೆ ಸೋಲಿಸಿ ಸೆಮಿಫೈನಲ್ ಮುಟ್ಟಿ, ಕೊನೆಗೆ ನಾಲ್ಕನೆಯ ಸ್ಥಾನ ಪಡೆಯಿತು. ನಮ್ಮ ಬೆಂಗಳೂರಿನ ಕೆಂಪಯ್ಯನವರು ಆ ತಂಡದಲ್ಲಿದ್ದರು. ಸೆಮಿಫೈನಲ್ಲಿನಲ್ಲಿ ನಮ್ಮ ಬಲೆಗೆ ನಾಲ್ಕು ಗೋಲು ಹೊಡೆದ ಯುಗೊಸ್ಲಾವಿಯಕ್ಕೆ ಫೈನಲ್ಲಿನಲ್ಲಿ ಯಾಷಿನ್ನರು ಒಂದೂ ಗೋಲು ಬಿಟ್ಟುಕೊಡಲಿಲ್ಲ. ಇಲ್ಯಿನ್ ಹೊಡೆದ ಒಂದೇ ಗೋಲಿನಿಂದ ಸೋವಿಯತ್ ತಂಡಕ್ಕೆ ಸ್ವರ್ಣ ಬಂತು. 1960ರಲ್ಲಿ ಪ್ಯಾರಿಸ್ಸಿನಲ್ಲಿ ಮೊಟ್ಟಮೊದಲ ಯೂರೋಪಿಯನ್ ಕಪ್ಪಿನ ಫೈನಲ್. ಎದುರಾಳಿ ಮತ್ತೆ ಯುಗೊಸ್ಲಾವಿಯ. ಹೆಚ್ಚುವರಿ ಸಮಯದಲ್ಲಿ ಪೊನೆದೆಲ್ನಿಕ್ ಗೋಲು ಹೊಡೆದು, ಎರಡಕ್ಕೆ ಒಂದರಂತೆ ಗೆದ್ದರು.

ಏರಿದ್ದನ್ನು ಹೇಳಿದೆ, ಇನ್ನು ಬಿದ್ದದ್ದನ್ನು ಹೇಳಬೇಕು. 1962ರ ವಿಶ್ವಕಪ್ ಚಿಲಿ ದೇಶದಲ್ಲಿ ನಡೆಯಿತು. ಕೊಲಂಬಿಯದ ವಿರುದ್ಧ ಸೋವಿಯತ್ ತಂಡ ನಾಲ್ಕಕ್ಕೆ ಒಂದರಂತೆ ಮುಂದಿತ್ತು. ಆಗ ಮಾರ್ಕೋಸ್ ಕೋಲ್ ಎಂಬಾತ ಒದ್ದ ಕಾರ್ನರ್ ಕಿಕ್, ಹತ್ತಿರದ ಕಂಬದ ಬಳಿ ನಿಂತಿದ್ದ ರಕ್ಷಕನ ಪಕ್ಕದಲ್ಲೇ ಹಾದು, ಯಾರಿಗೂ ತಗಲದೆ ನೇರವಾಗಿ ಗೋಲಾಯಿತು. ಪುರುಷರ ವಿಶ್ವಕಪ್ಪಿನ ಇತಿಹಾಸದಲ್ಲಿ ಕಾರ್ನರಿನಿಂದ ನೇರ ಗೋಲಾದದ್ದು ಅದೊಂದೇ ಬಾರಿ. ಆಟ ನಾಲ್ಕಕ್ಕೆ ನಾಲ್ಕಾಗಿ ಮುಗಿಯಿತು. ಬಳಿಕ ಕ್ವಾರ್ಟರ್ ಫೈನಲ್ಲಿನಲ್ಲಿ ಚಿಲಿ ತಂಡ ದೂರದಿಂದ ಹೊಡೆದ ಎರಡು ಗೋಲುಗಳಿಂದ ಇವರನ್ನು ಮನೆಗೆ ಕಳುಹಿಸಿತು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಆಗ ಚಿಲಿಯಿಂದ ಸೋವಿಯತ್ ದೇಶಕ್ಕೆ ಟೆಲಿವಿಷನ್ ಪ್ರಸಾರವಿರಲಿಲ್ಲ. ಕೋಟಿಗಟ್ಟಲೆ ಜನಕ್ಕೆ ಆ ಆಟ ಕಂಡದ್ದು ಅಲ್ಲಿಂದ ಬಂದ ವರದಿಯ ಕಣ್ಣಿನಿಂದ ಮಾತ್ರ. ವರದಿ ಹೇಳಿತು: ಸೋಲಿಗೆ ಯಾಷಿನ್ ಕಾರಣ. ಮುಂದಿನವರು ಗೋಲು ಹೊಡೆಯದೆ ಹೋದದ್ದು, ರಕ್ಷಕರು ಜಾಗ ಬಿಟ್ಟದ್ದು, ಇವೆಲ್ಲ ಆ ಒಂದು ವಾಕ್ಯದೊಳಗೆ ಅಡಗಿಹೋದವು. ಊರಿಗೆ ಬಂದ ಯಾಷಿನ್ನರನ್ನು ಕಂಡರೆ ಕ್ರೀಡಾಂಗಣದಲ್ಲಿ ಜನ ಸಿಳ್ಳೆ ಹಾಕಿದರು. 'ಯಾಷಿನ್, ಪಿಂಚಣಿಗೆ ಹೋಗು' ಎಂದು ಕೂಗಿದರು. ಮನೆಯ ಕಿಟಕಿಗೆ ಕಲ್ಲು ಬಿತ್ತು. ಅವರಾರೂ ಆಟವನ್ನು ಕಣ್ಣಾರೆ ಕಂಡವರಲ್ಲ. ಬಾನುಲಿಯ ಮುಂದೆ ಕೂತು ಮಾತಾಡುತ್ತಿರುವ ನನಗೆ ಈ ಸಂಗತಿ ಓದಿ ಮೈ ಜುಮ್ಮೆಂದಿತು. ಕಾಣದವರಿಗೆ ಕಾಣಿಸುವ ಮಾತು ಎಷ್ಟು ದೊಡ್ಡದೋ, ಅದರ ಹೊಣೆಯೂ ಅಷ್ಟೇ ದೊಡ್ಡದು. ತರಗತಿಯಲ್ಲಿ ಮೇಷ್ಟರು ಆಡುವ ಮಾತೂ ಅಂಥದೇ.

ಮೂವತ್ತೆರಡರ ಯಾಷಿನ್ ಆಟ ಬಿಡುವ ಯೋಚನೆ ಮಾಡಿದರು. ಮೈದಾನ ಬಿಟ್ಟು ಹಳ್ಳಿಗೆ ಹೋಗಿ, ಮೀನು ಹಿಡಿಯುತ್ತ ಕೂತರು. ಡೈನಮೊ ಸಂಘದ ಹಿರಿಯರು ಒತ್ತಾಯಿಸಲಿಲ್ಲ. ಮನಸ್ಸು ತಿಳಿಯಾಗಲು ಕಾಲ ಕೊಟ್ಟರು. ತಾವಾಗಿಯೇ ಹಿಂದಿರುಗಿ ಅಭ್ಯಾಸ ಆರಂಭಿಸಿದರು. ತಮ್ಮನ್ನು ದೂರಿದವರಿಗೆ ಅವರು ಉತ್ತರ ಕೊಟ್ಟದ್ದು ಮೈದಾನದಲ್ಲಿ. 1963ರ ಲೀಗಿನಲ್ಲಿ ಇಪ್ಪತ್ತೇಳು ಪಂದ್ಯ ಆಡಿ, ಬಿಟ್ಟುಕೊಟ್ಟದ್ದು ಆರೇ ಗೋಲು. ಆ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯ ಶತಮಾನೋತ್ಸವಕ್ಕೆ ವೆಂಬ್ಲಿಯಲ್ಲಿ ಇಂಗ್ಲೆಂಡಿಗೂ ಜಗತ್ತಿನ ಆಯ್ದ ಆಟಗಾರರಿಗೂ ಪಂದ್ಯ ನಡೆದಾಗ, ಮೊದಲರ್ಧ ಜಗತ್ತಿನ ಗೋಲು ಕಾದವರು ಯಾಷಿನ್. ಆ ಅರ್ಧದಲ್ಲಿ ಇಂಗ್ಲೆಂಡಿಗೆ ಗೋಲು ಸಿಗಲಿಲ್ಲ. ನವೆಂಬರಿನಲ್ಲಿ ರೋಮ್ ನಗರದಲ್ಲಿ ಇಟಲಿಯ ಮಟ್ಸೋಲಾ ಒದ್ದ ಪೆನಾಲ್ಟಿಯನ್ನು ತಡೆದರು. ವರ್ಷದ ಕೊನೆಗೆ ಯೂರೋಪಿನ ಅತ್ಯುತ್ತಮ ಆಟಗಾರನಿಗೆ ಫ್ರಾನ್ಸಿನ ಪತ್ರಿಕೆಯೊಂದು ಕೊಡುವ ಚಿನ್ನದ ಚೆಂಡು ಅವರಿಗೆ ಬಂತು. 1956ರಲ್ಲಿ ಆರಂಭವಾದ ಆ ಪ್ರಶಸ್ತಿಯನ್ನು ಪಡೆದ ಗೋಲ್‌ಕೀಪರ್ ಇಂದಿಗೂ ಇವರೊಬ್ಬರೇ. ಪಿಂಚಣಿಗೆ ಹೋಗೆಂದವರ ನಡುವೆಯೇ, ಒಂದೇ ವರ್ಷದಲ್ಲಿ!

ಮುಂದಿನ ಕಥೆಯನ್ನು ಬೇಗ ಹೇಳುತ್ತೇನೆ. 1966ರ ವಿಶ್ವಕಪ್ಪಿನಲ್ಲಿ ಸೋವಿಯತ್ ತಂಡ ಸೆಮಿಫೈನಲ್ ತಲಪಿತು. 1970ರಲ್ಲಿ ಮೆಕ್ಸಿಕೋಗೆ ಕಾಯ್ದಿರಿಸಿದ ಆಟಗಾರರಾಗಿ ಹೋದರು. ಒಂದು ಆಟವೂ ಸಿಗದಿದ್ದರೂ ಕಿರಿಯರ ಜೊತೆಗಿದ್ದರು. ರಾಷ್ಟ್ರಕ್ಕಾಗಿ 74 ಪಂದ್ಯ, ಡೈನಮೊ ಪರವಾಗಿ ಲೀಗಿನಲ್ಲಿ 326 ಪಂದ್ಯ. ಆಟದ ಬಾಳಿನುದ್ದಕ್ಕೂ ಒಂದೇ ಸಂಘ. 1971ರ ಮೇ 27ರಂದು ಮಾಸ್ಕೋದ ಲೆನಿನ್ ಕ್ರೀಡಾಂಗಣದಲ್ಲಿ ಬೀಳ್ಕೊಡುಗೆಯ ಪಂದ್ಯ. ಒಂದು ಲಕ್ಷಕ್ಕೂ ಮಿಕ್ಕ ಜನ. ಎದುರಿಗೆ ಯುಸೆಬಿಯೊ, ಬಾಬಿ ಚಾರ್ಲ್‌ಟನ್, ಗೆರ್ಡ್ ಮ್ಯೂಲರ್ ಮೊದಲಾದ ಜಗತ್ಪ್ರಸಿದ್ಧರು. ದ್ವಿತೀಯಾರ್ಧ ಆರಂಭವಾದ ಕೆಲವು ನಿಮಿಷಕ್ಕೆ ಯಾಷಿನ್ನರು ಗೋಲನ್ನು ತರುಣ ವ್ಲಾದಿಮಿರ್ ಪಿಲ್ಗುಯ್‌ಗೆ ಒಪ್ಪಿಸಿ ಹೊರಗೆ ನಡೆದರು. ಅವರು ಹೊರಡುವವರೆಗೆ ಅವರ ಬಲೆಗೆ ಒಂದು ಗೋಲೂ ಬಿದ್ದಿರಲಿಲ್ಲ.

ಆಟ ಬಿಟ್ಟ ಮೇಲೆ ಡೈನಮೊ ತಂಡದ ಮೇಲ್ವಿಚಾರಕರಾದರು. ಅಭ್ಯಾಸ ಹೇಳಿಕೊಡುವ ಮುಖ್ಯ ತರಬೇತುದಾರ ಬೆಸ್ಕೋವ್. ಆಟಗಾರರ ವಸತಿ, ಪ್ರಯಾಣ, ಶಿಸ್ತು, ಸುಖದುಃಖ ಯಾಷಿನ್ನರ ಪಾಲಿಗೆ. 1972ರಲ್ಲಿ ಈ ತಂಡ ಯೂರೋಪಿನ ಕಪ್ ವಿಜೇತರ ಪಂದ್ಯಾವಳಿಯ ಫೈನಲ್ ತಲಪಿತು. ಅಷ್ಟು ದೂರ ಹೋದ ಮೊದಲ ಸೋವಿಯತ್ ಸಂಘ ಅದೇ. ಬಾರ್ಸಿಲೋನಾದಲ್ಲಿ ನಡೆದ ಆಟದಲ್ಲಿ ಸ್ಕಾಟ್‌ಲೆಂಡಿನ ರೇಂಜರ್ಸ್ ತಂಡಕ್ಕೆ ಮೂರಕ್ಕೆ ಎರಡರಂತೆ ಸೋತಿತು. ಗೋಲಿನಲ್ಲಿದ್ದವರು ಅದೇ ಪಿಲ್ಗುಯ್.

1974ರಲ್ಲಿ ತಂಡದ ಇಪ್ಪತ್ತೊಂದು ವರ್ಷದ ಆಟಗಾರ ಅನಾತೊಲಿ ಕೊಝೆಮ್ಯಾಕಿನ್ ಲಿಫ್ಟಿನ ಅಪಘಾತವೊಂದರಲ್ಲಿ ತೀರಿಕೊಂಡ. ಮೈದಾನದ ಹೊರಗೆ ನಡೆದ ಆ ದುರಂತಕ್ಕೂ ಯಾರನ್ನಾದರೂ ಹೊಣೆ ಮಾಡಬೇಕಲ್ಲ! ಹುಡುಗರ ಮೇಲೆ ನಿಗಾ ಸಾಲದೆಂದು ಹೇಳಿ 1975ರಲ್ಲಿ ಯಾಷಿನ್ನರನ್ನು ಆ ಸ್ಥಾನದಿಂದ ಇಳಿಸಿದರು. ಬಾಗಿಲು ಕಾಯುವ ಕೆಲಸ ಬಿಟ್ಟರೂ ದ್ವಾರಪಾಲಕನ ಶಾಪ ಬಿಡಲಿಲ್ಲ. ಅವರು ಜಗಳಕ್ಕೆ ಹೋಗಲಿಲ್ಲ. ಕೊಟ್ಟ ಕೆಲಸ ಮಾಡುತ್ತ ಹೋದರು. 1980ರ ದಶಕದಲ್ಲಿ ದೇಶದ ಫುಟ್‌ಬಾಲ್ ಸಂಸ್ಥೆಯ ಉಪಾಧ್ಯಕ್ಷರಾಗಿದ್ದರು.

ಧೂಮಪಾನ ಅವರಿಗೆ ಬಾಳೆಲ್ಲ ಅಂಟಿದ ಚಟ. ಕಾಲಿನ ರಕ್ತನಾಳಗಳು ಕೆಟ್ಟು, ಕೊನೆಗೆ ಒಂದು ಕಾಲನ್ನೇ ತೆಗೆಯಬೇಕಾಯಿತು. ಲಕ್ಷ ಜನರ ಮುಂದೆ ಚಿರತೆಯಂತೆ ಹಾರಿದ ದೇಹ ಊರುಗೋಲು ಹಿಡಿಯಿತು. ಮಕ್ಕಳು ಕೇಳುತ್ತಿದ್ದರೆ ಈ ಮಾತನ್ನೂ ಮರೆಯದಿರಲಿ. 1990ರ ಮಾರ್ಚ್ 18ರಂದು ಸರಕಾರ ಅವರಿಗೆ ಸಮಾಜವಾದಿ ಶ್ರಮವೀರ ಎಂಬ ಅತ್ಯುನ್ನತ ಬಿರುದನ್ನು ನೀಡಿತು. ಹದಿಮೂರರಲ್ಲಿ ಯಂತ್ರದ ಮುಂದೆ ನಿಂತ ಹುಡುಗನಿಗೆ ಶ್ರಮವೀರ ಎಂಬ ಮಾತು ಒಪ್ಪುವಂಥದೇ. ಆದರೆ ಅದು ಬಂದಾಗ ಉಳಿದದ್ದು ಎರಡೇ ದಿನ. ಮಾರ್ಚ್ 20ರಂದು ಯಾಷಿನ್ನರು ತೀರಿಕೊಂಡರು. 2018ರಲ್ಲಿ ರಷ್ಯಾ ದೇಶ ವಿಶ್ವಕಪ್ ನಡೆಸಿದಾಗ ಅದರ ಅಧಿಕೃತ ಭಿತ್ತಿಚಿತ್ರದಲ್ಲಿ ಚೆಂಡಿಗೆ ಕೈಚಾಚಿ ಹಾರುತ್ತಿದ್ದವರು ಗೋಲು ಹೊಡೆದ ಯಾವ ವೀರನೂ ಅಲ್ಲ. ಟೊಪ್ಪಿಗೆ ಹಾಕಿದ ಯಾಷಿನ್. ಅತ್ಯುತ್ತಮ ಗೋಲ್‌ಕೀಪರನಿಗೆ ಅವರ ಹೆಸರಿನ ಪ್ರಶಸ್ತಿಯನ್ನು 2019ರಿಂದ ಕೊಡುತ್ತಿರುವುದು ಆ ಚಿನ್ನದ ಚೆಂಡಿನ ಪತ್ರಿಕೆಯೇ.

ಇನ್ನು ನಮ್ಮ ಹುಡುಗನ ವಿಷಯ. ಐದನೆಯ ದಿನ ನಾನೇ ಅವನ ಮನೆಗೆ ಹೋದೆ. ತಾಯಿ ಹೊರಗೆ ಬಂದರು. "ಏನಾಯ್ತೋ ಗೊತ್ತಿಲ್ಲ ಮೇಷ್ಟ್ರೇ, ಕೇಳಿದರೆ ಬಾಯಿ ಬಿಡೋದಿಲ್ಲ. ನೀವಾದರೂ ಬುದ್ಧಿ ಹೇಳಿ" ಎಂದರು. ಬುದ್ಧಿ ಹೇಳಿಸಿಕೊಳ್ಳಬೇಕಾದವನು ನಾನೆಂದು ಆ ತಾಯಿಗೆ ಗೊತ್ತಿರಲಿಲ್ಲ. ಹುಡುಗನನ್ನು ಜಗಲಿಯ ಮೇಲೆ ಕೂರಿಸಿಕೊಂಡು, "ಅಂದು ತರಗತಿಯಲ್ಲಿ ನಾನು ಆಡಿದ್ದು ತಪ್ಪು ಕಣಪ್ಪ. ಎಲ್ಲರ ಮುಂದೆ ಆಡಿದ್ದನ್ನು ಎಲ್ಲರ ಮುಂದೆಯೇ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಬಾ" ಎಂದೆ. ಅವನು ಮಾತಾಡಲಿಲ್ಲ. ಆಮೇಲೆ ಯಾಷಿನ್ನರ ಕಥೆಯನ್ನು, ಇಲ್ಲಿ ಹೇಳಿದ ಹಾಗೆಯೇ, ಮೊದಲಿನಿಂದ ಹೇಳಿದೆ. ಚಿನ್ನದ ಚೆಂಡಿನ ಮಾತು ಬಂದಾಗ ಅವನಿಗೆ ಅಷ್ಟೇನೂ ಅನ್ನಿಸಲಿಲ್ಲ. ಅವನು ತಲೆಯೆತ್ತಿ ಕೇಳಿದ್ದು ಒಂದೇ ಪ್ರಶ್ನೆ.

"ಅಷ್ಟು ದೊಡ್ಡ ಗೋಲಿಗೂ ಕಾರ್ನರಿನಿಂದ ನೇರ ಗೋಲಾಯ್ತಾ, ಸಾರ್?"

"ಆಯ್ತಪ್ಪ. ಆ ಒಂದೇ ಆಟದಲ್ಲಿ ನಾಲ್ಕು ಗೋಲಾಯ್ತು."

ಮರುದಿನ ಅವನು ಶಾಲೆಗೆ ಬಂದ. ನಾನು ಹೇಳಿದಂತೆ ಎಲ್ಲರ ಮುಂದೆ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ. ಸಂಜೆ ಮೈದಾನದ ಕಡೆ ನೋಡಿದಾಗ ಅವನು ಎರಡು ಕಂಬಗಳ ನಡುವೆ ನಿಂತಿದ್ದ. ಅವನು ಮುಂದೆ ದೊಡ್ಡ ಆಟಗಾರನಾಗಲಿಲ್ಲ, ಆಗಬೇಕೆಂದೂ ಇಲ್ಲ. ಆದರೆ ಅಂದಿನಿಂದ ನಾನು ಲೋಪಸಂಧಿಗೆ ಪುಸ್ತಕದ ಉದಾಹರಣೆಗಳನ್ನೇ ಕೊಡುತ್ತಿದ್ದೇನೆ.